ಮೊದಲ ಎಳೆತವೇ ಭಾರ

ತಿರ್ಲಾಪುರದ ಮಿಲ್ಟ್ರಿ ಭರಮಪ್ಪನ ಪಾಲಿಗೆ ಆ ವರ್ಷದ ಖಂಡೇಪೂಜೆ, ಅಂದರೆ ದಸರೆಯ ಆಯುಧಪೂಜೆ, ಕೆಟ್ಟದ್ದು ಬುಡನಸಾಬನ ಅಂಗಡಿಯ ಅರ್ಧ ಕಪ್ಪು ಚಹಾದಿಂದ. ಕುಡಿದು ಸುಮ್ಮನೆ ಎದ್ದು ಬಂದಿದ್ದರೆ ಏನೂ ಆಗುತ್ತಿರಲಿಲ್ಲ. ಆದರೆ ಭರಮಪ್ಪನ ಹೊಟ್ಟೆಗೆ ಚಹಾ ಇಳಿದ ಕೂಡಲೇ ಬಾಯಿಂದ ಮಿಲ್ಟ್ರಿ ಹೊರಬೀಳುವುದು ಅವನು ಊರಿಗೆ ಬಂದಾಗಿನಿಂದ ನಡೆದ ಪದ್ಧತಿ.

ಹಬ್ಬದ ಹಿಂದಿನ ದಿನ ಅಂಗಡಿಯಲ್ಲಿ ಮಾತು ಬಂದದ್ದು ಪಿಸ್ತೂಲಿನದು. ಊರಿನ ದೊಡ್ಡ ಕುಳ ಕುಬೇರಪ್ಪ ಸಾವಕಾರ. ಅಣ್ಣಿಗೇರಿಯಲ್ಲಿ ಅವನದು ಹತ್ತಿ ಜಿನ್ನಿಂಗ್ ಫ್ಯಾಕ್ಟರಿ. ಅವನಪ್ಪ, ವಿಲಾಯತಿಗೆ ಮರಳಿ ಹೊರಟು ನಿಂತ ಯಾವನೋ ಬಿಳಿ ಸಾಹೇಬನಿಂದ ಕೊಂಡಿದ್ದ ಪಿಸ್ತೂಲೊಂದು ಮನೆಯಲ್ಲಿತ್ತು. ಈಗ ಅವನ ಅಕ್ಕನ ಗಂಡ, ಸಂಶಿಯ ಅಂದಾನೆಪ್ಪ, ಹೊಸದಾಗಿ ಲೈಸೆನ್ಸು ಮಾಡಿಸಿ ಬೇರೆಯದೇ ನಮೂನೆಯ ಪಿಸ್ತೂಲು ತಂದು, ಹಬ್ಬಕ್ಕೆ ಅತ್ತೆಯ ಮನೆಗೆ ಬಂದಿದ್ದ. ಬಂದ ಗಳಿಗೆಯಿಂದ ಭಾವ ಮೈದುನರಿಬ್ಬರೂ ನಂದು ಮೇಲು, ನಿಂದು ಕೀಳು ಎಂದು ಎತ್ತು ಮಾರಲು ಬಂದವರಂತೆ ಕೂಗಾಡುತ್ತಿದ್ದರು.

"ಪಿಸ್ತೂಲಿನಾಗೂ ಜಾತಿ ಅದಾವಪಾ," ಎಂದ ಭರಮಪ್ಪ, ಬಸಿಯಲ್ಲಿದ್ದ ಚಹಾ ಸೊರಕ್ಕೆಂದು ಎಳೆದು. "ಒಂದು ಜಾತಿ ಎಮ್ಮಿ ಇದ್ದಂಗ. ಎಮ್ಮಿಗೆ ಮೊದ್ಲ ಬೆನ್ನು ಸವರಿ, ಕರ ಬಿಟ್ಟು ಒಪ್ಪಿಸಬೇಕು. ಆಮ್ಯಾಲ ಬೆರಳ ಮುಟ್ಟಿದ್ರ ಸಾಕು, ಸರ್ರಂತ ಹಾಲು. ಹಂಗ ಈ ಪಿಸ್ತೂಲಿಗೆ ಹಿಂದಿನ ಕುದುರಿ, ಗುಂಡಿಗೆ ಬಡಿಯೂ ಸುತ್ತಿಗಿ, ಮೊದ್ಲ ಕೈಲೆ ಎಳದು ಕೂಡಸಬೇಕು. ಕೂಡಿಸಿದ ಮ್ಯಾಲ ಟ್ರಿಗರ್ ಅಗದಿ ಹಗುರ. ಮುಂದಿನ ಗುಂಡಿಗೆ ಕುದುರಿ ತಾನ ಹಿಂದ ಸರದು ಕೂಡತದ."

"ಇನ್ನೊಂದು ಜಾತಿ?" ಎಂದ ಬುಡನಸಾಬ, ಕೆಟಲಿ ಹಿಡಿದ ಕೈ ನಿಲ್ಲಿಸಿ.

"ಅದು ನಮ್ಮ ಊರ ಕೈಲೆ ಜಗ್ಗೂ ಬೋರಿಂಗ್ ಇದ್ದಂಗ. ಕುದುರಿ ಎಳಿಯೂದು ಬ್ಯಾಡ, ಏನೂ ಬ್ಯಾಡ. ಟ್ರಿಗರ್ ಒಂದನ್ನ ಜಗ್ಗಬೇಕು, ಕುದುರಿ ತಾನ ಎದ್ದು ತಾನ ಬೀಳ್ತದ. ಆದ್ರ ಮೊದಲ ಜಗ್ಗಿಗೆ ಜೀವ ಬಾಯಿಗೆ ಬರ್ತದ, ಅಷ್ಟು ಭಾರ. ಒಮ್ಮಿ ನೀರು ಏರಿತಂದ್ರ ಮುಂದಿನವೆಲ್ಲಾ ಹೂವಿನಂಗ ಹಗುರ."

ಮೂಲೆಯಲ್ಲಿ ಕಂಬಳಿ ಹೊದ್ದು ಕೂತಿದ್ದ ಕುರಿಗಾರ ಮಾಳಪ್ಪ ಕೇಳಿದ: "ಕುದುರಿನ ಕಾಣದಂಥಾ ಪಿಸ್ತೂಲು ಇರ್ತಾವಂತಲ್ಲೋ ಭರಮಣ್ಣ?"

"ಅದಾವಲ್ಲ. ಕುದುರಿ ಹೊಟ್ಟಿ ಒಳಗ ಇರ್ತದ, ನಿನ್ನ ಸಿಟ್ಟಿನಂಗ. ಹೊರಗ ಏನೂ ಕಾಣೂದಿಲ್ಲ."

ಮಂದಿ ನಕ್ಕರು. ಮಾಳಪ್ಪ ನಗಲಿಲ್ಲ. "ಎಲ್ಲಾ ಹೇಳ್ತಿ. ನೀ ಖರೇ ಹೊಡದೀಯೇನು?"

"ಹೊಡದೀಯೇನು ಅಂತ ಕೇಳ್ತಾನ ನೋಡ್ರಿ! ಬಲಗೈಗೆ ಪೆಟ್ಟು ಬಿದ್ದಾಗ ಎಡಗೈಲೆ ಹೊಡದಾವ ನಾ!"

ಇಲ್ಲಿ ಒಂದು ಮಾತು ಹೇಳಿಬಿಡಬೇಕು. ಭರಮಪ್ಪ ಮಿಲ್ಟ್ರಿಯಲ್ಲಿದ್ದದ್ದು ಖರೆ, ಆದರೆ ಅಡುಗೆಮನೆಯಲ್ಲಿ. ಅಲ್ಲಿ ಅವನನ್ನು ಲಾಂಗ್ರಿ ಎಂದು ಕರೆಯುತ್ತಿದ್ದರು. ಬೇಳೆ ಕುದಿಸುವುದು, ರಾಶಿಗಟ್ಟಲೆ ಚಪಾತಿ ಲಟ್ಟಿಸುವುದು ಇವೇ ಅವನು ಮಾಡಿದ ಯುದ್ಧಗಳು. ಊಟಕ್ಕೆ ಕೂತಾಗಲೆಲ್ಲ ಒಬ್ಬ ಕ್ಯಾಪ್ಟನ್ನನೂ ಒಬ್ಬ ಮೇಜರನೂ ಪಿಸ್ತೂಲಿನ ಟ್ರಿಗರ್ ಬಗ್ಗೆ ವಾದ ಹೂಡುತ್ತಿದ್ದರು. ಇವನು ಸಾರು ಬಡಿಸುತ್ತ ನಿಂತು, ಪುರಾಣ ಕೇಳಿದ ಹಾಗೆ ಭಕ್ತಿಯಿಂದ ಕೇಳಿ ಬಾಯಿಪಾಠ ಮಾಡಿಕೊಂಡಿದ್ದ. ಗದೆ ಹಿಡಿಯುವ ಕೈ ಸೌಟು ಹಿಡಿದ ಕತೆಯನ್ನು ನಾವೆಲ್ಲ ಪುರಾಣದಲ್ಲಿ ಕೇಳಿದ್ದೇವೆ. ಸೌಟು ಹಿಡಿದ ಕೈ ಊರಿಗೆ ಬಂದು ಗದೆ ಹಿಡಿದಿದ್ದೆ ಎಂದದ್ದು ತಿರ್ಲಾಪುರದಲ್ಲೇ ಮೊದಲು.

ಸುಳ್ಳು ಕೂಡ ಆ ಬೋರಿಂಗಿನ ಜಾತಿಯದೇ. ಊರಿಗೆ ಬಂದ ದಿನ ಬಸ್ಸಿನಿಂದ ಇಳಿಯುತ್ತಲೇ ಯಾರೋ "ಬಂದೂಕು ಹಿಡಿದಿದ್ದೇನೋ?" ಎಂದಾಗ "ಹೂಂ" ಅನ್ನಲು ಭರಮಪ್ಪನಿಗೆ ಬೆವರು ಕಿತ್ತು ಬಂದಿತ್ತು. ಆಮೇಲಿನವು ತಾವಾಗಿಯೇ ಸರಾಗ ಬಿದ್ದವು.

ಊರಲ್ಲಿ ಈ ಗುಟ್ಟು ಗೊತ್ತಿದ್ದದ್ದು ಹೆಂಡತಿ ಸಾವಂತ್ರೆವ್ವನೊಬ್ಬಳಿಗೆ. ಅವಳಿಗೂ ಒಂದು ಗುಟ್ಟಿತ್ತು. ಅವಳು ಮಾಡಿದ ಚಪಾತಿಯನ್ನು ನಾಯಿ ಕೂಡ ಮೂಸಿ, ಕ್ಷಮಿಸಿ ಮುಂದೆ ಹೋಗುತ್ತಿತ್ತು. ಹಾಗಾಗಿ ಮನೆಯಲ್ಲಿ ಒಳಗಿನಿಂದ ಅಗಳಿ ಹಾಕಿಕೊಂಡು ಅಡುಗೆ ಮಾಡುವವನು ಭರಮಪ್ಪ, ಹೊರಗೆ ಹೆಸರು ಸಾವಂತ್ರೆವ್ವನದು. "ಹೋಳಿಗಿ ಅಂದ್ರ ಸಾವಂತ್ರೆವ್ವನ ಹೋಳಿಗಿ" ಎಂದು ಕುಬೇರಪ್ಪನ ತಾಯಿ ಸಾವಕ್ಕ ಪ್ರತಿ ವರ್ಷ ಖಂಡೇಪೂಜೆಯ ನೈವೇದ್ಯಕ್ಕೆ ಇವಳ ಮನೆಯಿಂದಲೇ ತರಿಸುತ್ತಿದ್ದಳು.

ಹಬ್ಬದ ಮುಂಜಾನೆ ಭರಮಪ್ಪ ಲುಂಗಿ ಮೇಲೆ ಕಟ್ಟಿ ಒಲೆಯ ಮುಂದೆ ಕೂತಿದ್ದ. ಕಡಲೆಬೇಳೆ ತಕತಕ ಕುದಿಯುತ್ತಿತ್ತು. ಬಾಜು ಬಟ್ಟಲಲ್ಲಿ ಏಲಕ್ಕಿ, ಜಾಜಿಕಾಯಿ ಪುಡಿ. ಅಷ್ಟರಲ್ಲಿ ಬಾಗಿಲು ಧಡಧಡ ಬಡಿದ ಸದ್ದು.

"ಭರಮಣ್ಣೋ! ಬಾಗಲ ತಗಿ!"

ಮಾಳಪ್ಪ! ಭರಮಪ್ಪ ಗಡಬಡಿಸಿ ಬೇಳೆಯ ಪಾತ್ರೆ ಇಳಿಸಿದ. ಇನ್ನೊಂದು ಕುದಿ ಬರಬೇಕಿತ್ತು, ಅವನ ಜೀವ ಚುರ್ ಎಂದಿತು. ಆದರೆ ಮಾನ ದೊಡ್ಡದು. ಹಿಟ್ಟು ಮೆತ್ತಿದ ಲಟ್ಟಣಿಗೆಯನ್ನು ಹೆಂಡತಿಯ ಕೈಗೆ ಒಗೆದು ಓಡಿಹೋಗಿ ಬಾಗಿಲು ತೆಗೆದ.

ಮಾಳಪ್ಪ ಅವನ ಮುಖವನ್ನೇ ದಿಟ್ಟಿಸಿದ. "ಮೀಸಿ ಯಾಕ ಬೆಳ್ಳಗ ಆಗೇತಿ?"

"ಪಾವಡರ್ ಹಚ್ಚಿಕೊಂಡಾರ," ಎಂದಳು ಸಾವಂತ್ರೆವ್ವ ಒಳಗಿನಿಂದ. "ಹಬ್ಬ ಅಲ್ಲೇನು ಇವತ್ತು?"

"ಛಲೋನ ಆತು. ಅಲಂಕಾರ ಮಾಡಿಕೊಂಡ ಬಾ. ಸಾವಕಾರ್ರು ಕರದಾರ. ಪೂಜಿ ಮುಗದ ಮ್ಯಾಲ ನೀ ಎರಡೂ ಪಿಸ್ತೂಲು ಹೊಡದು, ಯಾವುದರ ಟ್ರಿಗರ್ ಮೇಲು ಅಂತ ತೀರ್ಪು ಕೊಡಬೇಕಂತ. ಈ ಸಲ ಬೂದಗುಂಬಳಕಾಯಿ ನೆಲಕ್ಕ ಬಡಿಯೂದಿಲ್ಲ, ಗುಂಡಿಲೆನ ಒಡಿಯೂದು." ಮಾಳಪ್ಪ ಒಂದು ಗಳಿಗೆ ತಡೆದು ಸೇರಿಸಿದ: "ಫ್ಯಾಕ್ಟರಿ ವಾಚಮನ್ ಕೆಲಸದ ಮಾತೂ ಇವತ್ತ ಮುಗಿಸ್ತಾರಂತ. ನೀ ಇಲ್ಲಾ ನಾ."

ಅವನು ಹೋದ ಮೇಲೆ ಭರಮಪ್ಪ ಹೊಸ್ತಿಲ ಮೇಲೆ ಕುಸಿದು ಕೂತ. ವಾಚಮನ್ ಕೆಲಸಕ್ಕಾಗಿ ಅವನು ಮೈಲಾರಲಿಂಗನಿಗೆ ಹರಕೆ ಹೊತ್ತಿದ್ದ. ಖಾಕಿ ಕೋಟು, ಸೀಟಿ, ಬ್ಯಾಟರಿ, ಕೂರಲು ಸ್ವಂತದ್ದೊಂದು ಕುರ್ಚಿ. ಕರಿಮಣ್ಣಿನಲ್ಲಿ ಬಗ್ಗಿ ಕಳೆ ಕೀಳುವ ಕೂಲಿ ಇನ್ನು ಸಾಕು ಎಂದು ಅವನ ಸೊಂಟ ಎಂದೋ ತೀರ್ಮಾನಿಸಿತ್ತು.

"ಈಗೇನು ಮಾಡ್ತೀರಿ?" ಎಂದಳು ಸಾವಂತ್ರೆವ್ವ.

"ಏನ್ ಮಾಡೂದು? ನನಗ ಲಟ್ಟಣಿಗಿ ಹಿಡಿಯಾಕ ಬರ್ತದ. ಪಿಸ್ತೂಲು ಹಿಡದ್ರ ಕುಂಬಳಕಾಯಿ ಉಳೀತದ, ಊರು ಉಳಿಯೂದಿಲ್ಲ."

"ಹಂಗಿದ್ರ ಖರೇ ಹೇಳಿಬಿಡ್ರಿ."

"ಹುಚ್ಚಿ! ನಾಳೆಯಿಂದ ಬುಡನಸಾಬನ ಅಂಗಡ್ಯಾಗ ನನ್ನ ಕೈಯಾಗ ಕೆಟಲಿ ಕೊಡ್ತಾರ."

ಭರಮಪ್ಪ ಇಳಿಸಿದ ಬೇಳೆಯಲ್ಲೇ ಅವಸರದಿಂದ ಹೋಳಿಗೆ ಮಾಡಿ ಮುಗಿಸಿದ. ಆಕೆ ಬುಟ್ಟಿ ಹೊತ್ತು ಸಾವಕ್ಕನ ಮನೆಗೆ ನಡೆದಳು. ಭರಮಪ್ಪ ಕೂತು ಯೋಚಿಸಿ, ಬಲಗೈಗೆ ಹಳೇ ಧೋತರದ ಅರಿವೆ ಸುತ್ತಿ, ಅದರ ಮೇಲೆ ಅರಿಷಿಣ ಸವರಿ, ನರಳುತ್ತ ಕುಬೇರಪ್ಪನ ಮನೆ ಮುಟ್ಟಿದ.

ಅಂಗಳದ ತುಂಬ ಮಂದಿ. ರಂಟೆ, ಕುಂಟೆ, ಕುಡಗೋಲು, ಕೊಡಲಿ, ತೂಗುವ ತಕ್ಕಡಿ, ಟ್ರ್ಯಾಕ್ಟರು ಎಲ್ಲವೂ ಕುಂಕುಮ ಮೆತ್ತಿಕೊಂಡು ಬೀಗರ ಮನೆಗೆ ಬಂದವರಂತೆ ಸಾಲಾಗಿ ಕೂತಿದ್ದವು. ನಡುವೆ ಮಣೆಯ ಮೇಲೆ ರೇಷ್ಮೆ ಅರಿವೆ ಹಾಸಿ ಎರಡು ಪಿಸ್ತೂಲು. ಸಾವಕ್ಕ ಕೈಯಲ್ಲಿ ಹೋಳಿಗೆ ತಾಟು ಹಿಡಿದು ಒಂದೊಂದಕ್ಕೂ ಉಣಿಸುತ್ತ ಬರುತ್ತಿದ್ದಳು. ಸಾವಕ್ಕನ ಭಕ್ತಿ ತೋರಿಕೆಯದಲ್ಲ. ಹೋದ ವರ್ಷ ಟ್ರ್ಯಾಕ್ಟರಿನ ಸೈಲೆನ್ಸರಿಗೆ ಆಕೆ ಊಟ ಮಾಡಿಸಿದ್ದಳು; ಮರುದಿನ ಗಾಡಿ ಚಾಲೂ ಮಾಡಿದಾಗ ಡ್ರೈವರ್ ದಾವೂದಸಾಬನ ಬಿಳಿ ಅಂಗಿಯ ಮೇಲೆಲ್ಲ ಪ್ರಸಾದ ಸಿಡಿದಿತ್ತು.

"ಬಾರಪಾ ಮಿಲ್ಟ್ರಿ!" ಎಂದ ಕುಬೇರಪ್ಪ. "ಕೈಗೇನಾತು?"

"ಉಳುಕೇತ್ರಿ ಸಾವಕಾರ್ರ. ಬೆರಳ ಮಡಚಾಕ ಬರವಲ್ಲದು. ಮುಂದಿನ ವರ್ಷ ನೋಡೂಣ್ರಿ."

"ಅದಕ್ಕ ಯಾಕ ಚಿಂತಿ?" ಎಂದ ಮಾಳಪ್ಪ ಹಿಂದಿನಿಂದ. "ನಿನ್ನೆ ಎಡಗೈಲೆ ಹೊಡದೀನಿ ಅಂದನ್ರಿ. ಬುಡನಸಾಬ ಸಾಕ್ಷಿ ಅದಾನ."

"ಹೌದ್ರಿ, ಹೌದ್ರಿ," ಎಂದ ಬುಡನಸಾಬ, ಗೆಳೆಯನಿಗೆ ಉಪಕಾರ ಮಾಡಿದ ಸಂತೋಷದಲ್ಲಿ.

ಮಂದಿ ಹೋ ಎಂದರು. ದೂರದ ಮಣ್ಣಿನ ಗೋಡೆಯ ಮುಂದೆ ಕುಂಬಳಕಾಯಿ ಇಟ್ಟರು. ನಾಯಿಗಳನ್ನು ಓಡಿಸಿದರು. ಕುಬೇರಪ್ಪ ತನ್ನ ಪಿಸ್ತೂಲಿಗೆ ಗುಂಡು ತುಂಬಿ ಭರಮಪ್ಪನ ಎಡಗೈಗೆ ಇಟ್ಟ. ಭರಮಪ್ಪ ಅದನ್ನು ಹಸುಗೂಸಿನಂತೆ ಎತ್ತಿಕೊಂಡ.

"ಇದು ಎಮ್ಮಿ ಜಾತಿದು," ಎಂದ, ಗಂಟಲು ಏರಿಸಿ. "ಮೊದ್ಲ ಕುದುರಿ ಎಳೀಬೇಕು."

ಅರಿವೆ ಸುತ್ತಿದ ಬಲಗೈ ಹೆಬ್ಬೆರಳಿಂದ ಕುದುರೆ ಎಳೆದ. ಬರಲಿಲ್ಲ. ಬಿಗಿಯಾಗಿ ಎಳೆದ. ಮಿಸುಕಲಿಲ್ಲ. ಸಾವಕ್ಕನ ಎಣ್ಣೆ, ಕುಂಕುಮ, ಭಂಡಾರದ ಅರಿಷಿಣ ಮೂರೂ ಕೂಡಿ ಕುದುರೆಯ ಸಂದಿಯಲ್ಲಿ ಗಾರೆಯಂತೆ ಗಟ್ಟಿಯಾಗಿದ್ದವು. ಭರಮಪ್ಪನಿಗೆ ದೇವರೇ ಪ್ರತ್ಯಕ್ಷ ಆದಷ್ಟು ಆನಂದವಾಯಿತು.

"ಪೂಜಿ ಮಾಡಿಸಿಕೊಂಡು ಕೂತ ಕುದುರಿ ಇದು. ಎಬ್ಬಸಬಾರದ್ರಿ," ಎಂದು ಕಣ್ಣಿಗೆ ಒತ್ತಿಕೊಂಡು ಮಣೆಯ ಮೇಲಿಟ್ಟುಬಿಟ್ಟ.

ಅಂದಾನೆಪ್ಪ ತೊಡೆ ತಟ್ಟಿ ನಕ್ಕ. "ನೋಡಿದಿ ಕುಬೇರಾ? ಕಳ್ಳ ಬಂದು ಎದುರು ನಿಂತಾಗ ನಿನ್ನ ಕುದುರಿ ಪೂಜಿಗೆ ಕೂಡತದ! ನಂದಕ್ಕ ಆ ತಾಪತ್ರಯನ ಇಲ್ಲ. ಟ್ರಿಗರ್ ಜಗ್ಗು, ಢಂ!"

"ಬಿಡು ಮಾವಾ," ಎಂದ ಕುಬೇರಪ್ಪ. "ನಿನ್ನ ಟ್ರಿಗರ್ ಜಗ್ಗಾಕ ಜೋಡೆತ್ತು ಕಟ್ಟಬೇಕು. ಜಗ್ಗಿ ಮುಗಿಸೂದ್ರಾಗ ಕಳ್ಳ ನವಲಗುಂದ ದಾಟಿರ್ತಾನ."

"ಮೊದಲ ಗುಂಡಿಗೆ ಅಷ್ಟ ಭಾರ. ಮುಂದ ಹಗುರ! ಹೌದಲ್ಲೋ ಮಿಲ್ಟ್ರಿ?"

"ಹೌದ್ರಿ," ಎಂದ ಭರಮಪ್ಪ ಕ್ಷೀಣವಾಗಿ. ಎರಡನೇ ಪಿಸ್ತೂಲು ಅವನ ಕೈಗೆ ಬಂತು. ಇದರ ಕುದುರೆ ಎಳೆಯುವ ಕೆಲಸವೇ ಇಲ್ಲ, ಹಾಗಾಗಿ ಕುದುರೆ ಪೂಜೆಗೆ ಕೂತಿದೆ ಎಂಬ ನೆಪವೂ ಇಲ್ಲ. ಮಂದಿ ಹಿಂದೆ ಸರಿದರು. ಮಾಳಪ್ಪ ಮಾತ್ರ, ಇವನ ಬೆರಳನ್ನೇ ನೋಡಲು, ಒಂದು ಹೆಜ್ಜೆ ಮುಂದೆ ಬಂದ. ಬಾಗಿಲ ಬಳಿ ಹೆಂಗಸರ ನಡುವೆ ಸಾವಂತ್ರೆವ್ವ ಸೆರಗು ಕಚ್ಚಿಕೊಂಡು ನಿಂತಿದ್ದಳು.

ಟ್ರಿಗರಿನ ಮೇಲೆ ಬೆರಳಿಟ್ಟ. ಎಷ್ಟು ಸಾಧ್ಯವೋ ಅಷ್ಟು ಹೊತ್ತು ಕಳೆಯಬೇಕೆಂದು ಬೆರಳು ಹಿಂದೆ ತೆಗೆದು, "ಮೈಲಾರಲಿಂಗಾ, ಏಳುಕೋಟಿ!" ಎಂದು ಪಿಸ್ತೂಲನ್ನು ಎತ್ತಿ ಒಂದು ಕಣ್ಣಿಗೆ ಒತ್ತಿಕೊಂಡ. ಇನ್ನೊಂದು ಕಣ್ಣಿಗೆ ಒತ್ತಿಕೊಂಡ. ನಡುವೆ ಮೂಗು ಬಂತು.

ಮೂಗು ನಿಂತಿತು.

ಏಲಕ್ಕಿ. ಜಾಜಿಕಾಯಿ. ಬೆಲ್ಲ. ಜೊತೆಗೆ ಸಣ್ಣಗೆ, ಬೇರೆ ಯಾರಿಗೂ ತಿಳಿಯದಷ್ಟು ಸಣ್ಣಗೆ, ಹಸಿ ಬೇಳೆಯ ವಾಸನೆ. ಭರಮಪ್ಪ ತನ್ನ ಕೈ ಅಡುಗೆಯನ್ನು ಗುರುತಿಸದೆ ಇರುವವನಲ್ಲ. ಕೈಯಲ್ಲಿ ಪಿಸ್ತೂಲಿರುವುದು, ಸುತ್ತ ಊರು ನೆರೆದಿರುವುದು ಎಲ್ಲ ಮರೆತು ಅವನೊಳಗಿನ ಅಡುಗೆಯವ ದೊಡ್ಡ ದನಿಯಲ್ಲಿ ನೊಂದುಕೊಂಡ:

"ಥೂ! ಬ್ಯಾಳಿ ಒಂದು ಕುದಿ ಕಡಿಮಿ ಬಿದ್ದಾವ!"

"ಏನಂದಿ?" ಎಂದ ಅಂದಾನೆಪ್ಪ.

ಭರಮಪ್ಪನಿಗೆ ತಾನು ಆಡಿದ ಮಾತು ಆಗ ಕೇಳಿಸಿತು. ಆದರೆ ಸುಳ್ಳಿನ ನೀರು ಎಂದೋ ಏರಿತ್ತಲ್ಲ, ಬಾಯಿ ತಾನಾಗಿಯೇ ಹಗುರವಾಗಿ ಓಡಿತು: "ನಳಿಗಿಯಾಗ ಹೂರಣ ತುಂಬೇತ್ರಿ! ಬ್ಯಾಳಿ ಕುದಿ ಕಡಿಮಿ ಇದ್ರ ಹೂರಣ ಒಳಗ ಗಟ್ಟಿ ಕೂಡತದ. ಗುಂಡು ಮುಂದ ಹೋಗೂದಿಲ್ಲ. ನಳಿಗಿ ಒಡದು ಹೊಡದಾವನ ಮಾರಿ ಮ್ಯಾಲನ ಬರ್ತದ! ಅದಕ್ಕ ಮಿಲ್ಟ್ರಿಯಾಗ ಮೂಸಿ ನೋಡದನ ಹೊಡೀಬಾರದಂತ ಆರ್ಡರ್ ಐತಿ!"

ಅಂದಾನೆಪ್ಪ ಪಿಸ್ತೂಲು ಕಸಿದು, ಗುಂಡು ತೆಗೆದು, ಕಸಬರಿಗೆಯ ಕಡ್ಡಿ ನಳಿಗೆಗೆ ತೂರಿಸಿದ. ಶಾವಿಗೆ ಒತ್ತಿದ ಹಾಗೆ ಹೂರಣ ಸುರುಳಿ ಸುರುಳಿಯಾಗಿ ಹೊರಗೆ ಬಂತು. ಕುಬೇರಪ್ಪನದರಿಂದಲೂ ಬಂತು, ಸ್ವಲ್ಪ ಕಡಿಮೆ.

"ಯವ್ವಾ!" ಎಂದು ಚೀರಿದ ಕುಬೇರಪ್ಪ. "ಇದೇನು ಮಾಡೀದಿ?"

"ನೈವೇದ್ಯ ಮಾಡೀನಿ," ಎಂದಳು ಸಾವಕ್ಕ, ಒಂದಿಷ್ಟೂ ಅಳುಕದೆ. "ರಂಟಿಗೆ ಬಾಯಿಲ್ಲ, ಮ್ಯಾಲ ಹಚ್ಚಿದೆ. ಇದಕ್ಕ ಬಾಯಿ ಐತಿ, ಒಳಗ ಇಟ್ಟೆ. ವರ್ಷಕ್ಕೊಮ್ಮಿ ಉಣ್ಣೂ ದೇವರಿಗೆ ಕಡ್ಡಿ ಹಾಕಿ ಕಕ್ಕಸ್ತೀರಲ್ಲೋ! ಅಳ್ಯಾರದು ಅಂತ ಅದಕ್ಕ ಎರಡು ತುತ್ತು ಜಾಸ್ತಿನ ಇಟ್ಟಿದ್ದೆ."

ಅಳಿಯ ಅಂದಾನೆಪ್ಪ ಅತ್ತೆಯ ಆ ಪ್ರೀತಿಯನ್ನು ಕಡ್ಡಿಯ ತುದಿಯಲ್ಲಿ ನೋಡುತ್ತ ನಿಂತ. ಉಳಿದವರೆಲ್ಲ ಭರಮಪ್ಪನನ್ನು ಎತ್ತಿ ಹೆಗಲ ಮೇಲೆ ಕೂರಿಸಿಕೊಂಡರು. ಮೂಸಿದ್ದಕ್ಕೇ ಗೊತ್ತಾತಂತ! ಬ್ಯಾಳಿ ಎಷ್ಟು ಕುದಿ ಅಂತ ಸೈತ ಗೊತ್ತಾತಂತ! ಮಿಲ್ಟ್ರಿ ಅಂದ್ರ ಹಿಂಗಿರಬೇಕು! ಬುಡನಸಾಬ ಕಣ್ಣೊರೆಸಿಕೊಂಡ. ಒಡೆಯದೆ ಉಳಿದ ಕುಂಬಳಕಾಯಿಯನ್ನು ಮರ್ಯಾದೆಯೆಂದು ಅವನ ತೊಡೆಯ ಮೇಲಿಟ್ಟರು. ಮಾಳಪ್ಪನ ಮುಖ ಮಾತ್ರ ಕುದುರೆ ಕಾಣದ ಪಿಸ್ತೂಲಿನಂತಾಗಿತ್ತು.

ಭರಮಪ್ಪನ ಕಣ್ಣಿಗೆ ಖಾಕಿ ಕೋಟಿನ ಹಿತ್ತಾಳೆ ಗುಂಡಿಗಳು ಹೊಳೆಯತೊಡಗಿದವು. ಅಷ್ಟರಲ್ಲಿ ಕುಬೇರಪ್ಪ ಅವನನ್ನು ಇಳಿಸಿ, ಹೆಗಲ ಮೇಲೆ ಕೈಯಿಟ್ಟು ಬಣವೆಯ ಮರೆಗೆ ಕರೆದೊಯ್ದ.

"ಭರಮಪ್ಪ, ಮನಸಿಗೆ ಹಚ್ಚಿಕೋಬ್ಯಾಡ. ವಾಚಮನ್ ಕೆಲಸ ಮಾಳಪ್ಪಗ ಕೊಡಾಂವ ಅದೀನಿ."

"ಅಲ್ರಿ ಸಾವಕಾರ್ರ... ನಾ ಇಷ್ಟೆಲ್ಲಾ..."

"ನೀ ಇಷ್ಟೆಲ್ಲಾ ಮಾಡಿದ್ದಕ್ಕನ. ನಿನ್ನಂಥಾ ಗುಂಡಿನ ಮನಶ್ಯಾನ್ನ ಹತ್ತಿ ಅಂಡಿಗಿ ಬಾಜು ಹೆಂಗ ಕೂಡಿಸ್ಲಿ? ಒಂದು ಕಿಡಿ ಬಿದ್ರ ಫ್ಯಾಕ್ಟರಿನ ಹೋಳಿ ಹುಣ್ಣಿವಿ ಕಾಮಣ್ಣ ಆಗ್ತದ. ಅಂವ ಆದ್ರ ಬೀಡಿ ಸೈತ ಸೇದೂದಿಲ್ಲ." ಕುಬೇರಪ್ಪ ದನಿ ತಗ್ಗಿಸಿದ. "ಖರೇ ಹೇಳ್ಲಿ? ನಾ ಹುಡುಕಿದ್ದು ಅಡಗಿಯವನ್ನ. ಮುಂಬಯಿ ದಲಾಲರು ಬಂದು ಫ್ಯಾಕ್ಟರ್‍ಯಾಗ ಇಳಕೋತಾರ. ನಮ್ಮ ರೊಟ್ಟಿ ಮುಟ್ಟೂದಿಲ್ಲ, ಮೆತ್ತನ ಚಪಾತಿ ಬೇಕು. ಪಗಾರ ವಾಚಮನ್‌ಗಿಂತ ದುಪ್ಪಟ್ಟು, ಎರಡ ಹೊತ್ತಿನ ಊಟ, ಇರಾಕ ಖೋಲಿ. ನೀ ಮಿಲ್ಟ್ರಿಯಾಗ ಅಡಗಿ ಮಾಡಾಂವ ಇದ್ದಿ ಅಂತ ಸಂಶಿಯಾಗ ಯಾರೋ ಅಂದಾನೆಪ್ಪ ಮಾವಗ ಹೇಳಿದ್ರಂತ. ನನಗ ಎಷ್ಟು ಖುಷಿ ಆಗಿತ್ತು! ಆದ್ರ ಬಾಯಿಬಿಟ್ಟು ಕೇಳಿದ್ರ, ಸುಳ್ಳಿದ್ದ ಪಕ್ಷ ನಿನಗ ಅವಮಾನ. ಅದಕ್ಕ ಪಿಸ್ತೂಲು ಕೊಟ್ಟು ನೋಡೂಣು ಅಂದ್ವಿ. ಹೊಡಿಯಾಕ ಬರಲಿಲ್ಲ ಅಂದ್ರ ಅಡಗಿಯವ ಅನ್ನೂದು ಖರೇ, ಕೆಲಸ ನಿಂದು. ಏನ್ ಮಾಡೂದು, ನೀ ಪಕ್ಕಾ ಮಿಲ್ಟ್ರಿ ಅಂತ ಗೊತ್ತಾತು."

ಭರಮಪ್ಪ ಕುಂಬಳಕಾಯಿಯನ್ನು ಎದೆಗೆ ಅವಚಿಕೊಂಡ. ಬಣವೆಯ ಆಚೆ ಮಂದಿ ಇನ್ನೂ ಅವನ ಹೆಸರು ಕೂಗುತ್ತಿದ್ದರು.

"ಸಾವಕಾರ್ರ," ಎಂದ. "ಚಪಾತಿ... ನನಗೂ ಸ್ವಲ್ಪ ಬರ್ತಾವ್ರಿ."

ಕುಬೇರಪ್ಪನ ಕಣ್ಣು ತುಂಬಿ ಬಂತು. "ನನ್ನ ಅಡಚಣಿಗೆ ಮರಗಿ ಇಷ್ಟು ಕೆಳಗ ಇಳದಿ ನೋಡು. ಛೇ, ಛೇ! ಪಿಸ್ತೂಲು ಹಿಡದ ಕೈಗೆ ಲಟ್ಟಣಿಗಿ ಕೊಟ್ರ ನನಗ ಪಾಪ ಬರ್ತದ!"

ಅಷ್ಟರಲ್ಲಿ ಸಾವಕ್ಕ, ಉಳಿದ ಹೋಳಿಗೆ ಮುರಿದು ಬಾಯಿಗೆ ಹಾಕಿಕೊಳ್ಳುತ್ತ, ಸಾವಂತ್ರೆವ್ವನನ್ನು ಹಿಂದೆ ಕರೆದುಕೊಂಡು ಬಣವೆಯ ಹತ್ತಿರ ಬಂದಳು. "ಅಡಗಿಯವ್ರನ್ನ ಊರೆಲ್ಲಾ ಯಾಕ ಹುಡುಕ್ತೀರೋ? ಇಂಥಾ ಹೋಳಿಗಿ ಮಾಡೂ ಸಾವಂತ್ರೆವ್ವ ಇಲ್ಲೇ ನಿಂತಾಳ. ಅಕೀನ ಕೇಳ್ರಿ."

ಕುಬೇರಪ್ಪ ಹಣೆ ಹಣೆ ಬಡಿದುಕೊಂಡು ನಕ್ಕ. ಭರಮಪ್ಪ ಹೆಂಡತಿಯ ಕಡೆ ನೋಡಿ ಕಣ್ಣಲ್ಲೇ ಬೇಡ ಬೇಡ ಎಂದ. ಸಾವಂತ್ರೆವ್ವ ಸೆರಗು ಸರಿ ಮಾಡಿಕೊಂಡು, ನೆಲ ನೋಡುತ್ತ, ಬಲು ನಾಚಿಕೆಯಿಂದ ಹೇಳಿದಳು:

"ಆಗಲ್ರಿ. ಇವರನ್ನೂ ಜೋಡೀಲೆ ಕರಕೊಂಡ ಬರ್ತೀನ್ರಿ."

ಬನ್ನಿ ಹಂಚಿದ ಮರುದಿನವೇ ಅಣ್ಣಿಗೇರಿಯ ಫ್ಯಾಕ್ಟರಿಯಲ್ಲಿ ಒಲೆ ಹೊತ್ತಿತು. ಅಡುಗೆಮನೆಯ ಬಾಗಿಲ ಮುಂದೆ ಸ್ವಂತದ್ದೊಂದು ಕುರ್ಚಿ ಹಾಕಿಕೊಂಡು, ಹಿತ್ತಾಳೆ ಗುಂಡಿಯ ಖಾಕಿ ಕೋಟು ತೊಟ್ಟು, ಕೊರಳಲ್ಲಿ ಸೀಟಿ ತೂಗಿಬಿಟ್ಟು ಮಾಳಪ್ಪ ಕೂತಿದ್ದ. ಮುಂಬಯಿಯ ದಲಾಲನೊಬ್ಬ ಒಳಗೆ ಇಣುಕಲು ಬಂದರೆ ಬಡಿಗೆ ಅಡ್ಡ ಹಿಡಿದ.

"ಒಳಗ ಯಾರೂ ಹೋಗಂಗ ಇಲ್ರಿ. ಮಂದಿ ನೋಡಿದ್ರ ಅಕ್ಕಾರ ಕೈಗುಣ ಕೆಡ್ತದಂತ. ಬೆಂಕಿ ಕಾಯಾಕ ಮಿಲ್ಟ್ರಿ ಭರಮಣ್ಣ ಒಬ್ಬಾಂವ ಒಳಗ ಇರ್ತಾನ."

ಒಳಗೆ ಅಗಳಿ ಬಿದ್ದಿತ್ತು. ಬೆಂಕಿ ಕಾಯುವವನ ಮೀಸೆ ಬೆಳ್ಳಗಾಗಿತ್ತು. ಮಣೆಯ ಮೇಲೆ ಕಾಲು ಚಾಚಿ, ಎಲೆಯಡಿಕೆ ಮೆಲ್ಲುತ್ತ ಕೂತಿದ್ದ ಸಾವಂತ್ರೆವ್ವ ಪಾತ್ರೆಯ ಕಡೆ ಕತ್ತು ಚಾಚಿ ನೋಡಿದಳು.

"ಇಳಸಬ್ಯಾಡ್ರಿ. ಇನ್ನೊಂದು ಕುದಿ ಬರ್ಲಿ. ಹೆಸರು ನಂದು ಕೆಡ್ತದ."